ಪೈಪ್ ಹೇಳಿದ ಜಾಗದಲ್ಲೇ ಕಮೋಡ್

ಅತ್ತೆಗೆ ರಾತ್ರಿ ಎರಡು ಸಲವಾದರೂ ಏಳಬೇಕು. ಮಲಗುವುದು ಮಹಡಿ ಮೇಲೆ, ಬಾತ್‌ರೂಮ್ ಇದ್ದದ್ದು ಕೆಳಗೆ. ನಡುವೆ 17 ಮೆಟ್ಟಿಲು. ಒಂದು ರಾತ್ರಿ ಏನೋ ಸದ್ದಾಯಿತು ಅಂತ ಎದ್ದು ನೋಡಿದರೆ ಅರ್ಧ ಇಳಿದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಬಿದ್ದಿರಲಿಲ್ಲ. ಸುಮ್ನೆ ಕೂತಿದ್ದರು, ಕತ್ತಲಲ್ಲಿ.

"ಮಂಡಿ ಮಾತು ಕೇಳ್ತಿಲ್ಲ ಕಣಮ್ಮ. ಸ್ವಲ್ಪ ಹೊತ್ತು ಕೂತು ಇಳೀತೀನಿ, ನೀನು ಹೋಗಿ ಮಲಕ್ಕೋ" ಅಂದರು.

ಮಲಗುವುದೆಲ್ಲಿ? ಅವತ್ತೇ ನಾನೂ ನನ್ನ ಗಂಡನೂ ಮಾತಾಡಿ ಮುಗಿಸಿದೆವು. ಮಗ ಓದಲು ಬೇರೆ ಊರಿಗೆ ಹೋಗಿದ್ದಾನೆ, ಅವನ ರೂಮು ಖಾಲಿ. ಅತ್ತೆಯ ರೂಮಿನ ಪಕ್ಕದ್ದೇ. ಅದನ್ನು ಬಾತ್‌ರೂಮ್ ಮಾಡಿಬಿಡುವುದು. ಗೋಡೆ ಇದೆ, ಬಾಗಿಲಿದೆ, ಕಿಟಕಿಯಿದೆ. ಇನ್ನೇನು, ಟೈಲ್ಸ್ ಹಾಕಿ ಒಂದು ಕಮೋಡ್ ಕೂರಿಸಿದರೆ ಆಯ್ತು ಅಂದುಕೊಂಡೆ. ಮೂರು ವಾರದ ಕೆಲಸ ಅಂತ ಕ್ಯಾಲೆಂಡರಿನಲ್ಲಿ ಗುರುತೂ ಹಾಕಿದೆ. ಹಿಡಿದದ್ದು ಹನ್ನೊಂದು ವಾರ.

ರೂಮು ದೊಡ್ಡದೇನಲ್ಲ. 2.7 ಮೀಟರ್ ಉದ್ದ, 2.4 ಮೀಟರ್ ಅಗಲ. ಮಲಗುವ ಕೋಣೆಗೆ ಇಕ್ಕಟ್ಟು, ಬಾತ್‌ರೂಮಿಗೆ ಅರಮನೆ. ನಾನು ಗಣಿತದ ಟೀಚರ್. ಗ್ರಾಫ್ ಹಾಳೆ ತೆಗೆದು ಅಳತೆಗೆ ಸರಿಯಾಗಿ ಚಿತ್ರ ಬರೆದೆ. ಕಿಟಕಿ ಕೆಳಗೆ ವಾಷ್ ಬೇಸಿನ್, ಬೆಳಕು ಚೆನ್ನಾಗಿ ಬೀಳಲಿ ಅಂತ. ಬಾಗಿಲ ಪಕ್ಕದ ಮೂಲೆಗೆ ಕಮೋಡ್. ಆ ಕಡೆ ಗೋಡೆಗೆ ಶವರ್. ಜಾಗ ಜಾಸ್ತಿ ಇದೆಯಲ್ಲ ಅಂತ ಆಸೆಗೆ ಒಂದು ಬಾತ್‌ಟಬ್ಬನ್ನೂ ಬರೆದಿದ್ದೆ.

ಪ್ಲಂಬರ್ ಆ ಹಾಳೆಯನ್ನು ನೋಡಿದ್ದು ಐದು ಸೆಕೆಂಡ್. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಗೋಡೆ ನೋಡಿದ.

"ಅಕ್ಕಾ, ಚಿತ್ರ ಚೆನ್ನಾಗಿದೆ. ನಿಮ್ಮ ದೊಡ್ಡ ಪೈಪ್ ಎಲ್ಲಿದೆ ನೋಡಿದೀರಾ?"

ನೋಡಿರಲಿಲ್ಲ. ಕೆಳಗಿನ ಬಾತ್‌ರೂಮಿನಿಂದ ಬಂದ ಮಲದ ಪೈಪ್ ಹಿಂದಿನ ಗೋಡೆಯ ಮೂಲೆಯಲ್ಲಿ ನಿಂತಿತ್ತು. ನಾನು ಕಮೋಡ್ ಬರೆದಿದ್ದ ಜಾಗದಿಂದ ಅಲ್ಲಿಗೆ 3.6 ಮೀಟರ್. ಇಷ್ಟೇ ತಾನೇ ಅಂದೆ. ಅವನು ನಕ್ಕ. "ದೂರ ಅಲ್ಲ ಅಕ್ಕಾ ಕಷ್ಟ. ವಾಟ."

ವಾಟ ಅಂದರೆ ಇಳಿಜಾರು. ನೀರು ಹರಿಯುವ ಕಡೆಗೆ ಪೈಪ್ ತಗ್ಗಾಗುತ್ತ ಹೋಗಬೇಕು. ಈ ಥರದ ಪೈಪಿಗೆ ಸಾಮಾನ್ಯವಾಗಿ 40ಕ್ಕೆ 1 ಅಂತ ಲೆಕ್ಕ, ಅಂದರೆ ಒಂದು ಮೀಟರಿಗೆ 25 ಮಿಲಿಮೀಟರ್. 3.6 ಮೀಟರಿಗೆ 90 ಮಿಲಿಮೀಟರ್ ಆಯಿತು. ಪೈಪಿನ ದಪ್ಪವೇ 110. ಎರಡೂ ಸೇರಿ 200. ಅದರ ಮೇಲೆ ಸಿಮೆಂಟು, ವಾಟರ್‌ಪ್ರೂಫಿಂಗ್, ಟೈಲ್ಸ್. 250 ಮಿಲಿಮೀಟರ್‌ಗೆ ಬಂದು ನಿಂತಿತು. ಸುಮಾರು 10 ಇಂಚು. ಕಟ್ಟುವಾಗಲೇ ಬಾತ್‌ರೂಮ್ ಅಂತ ಗೊತ್ತಿದ್ದರೆ ಆ ಭಾಗದ ಸ್ಲ್ಯಾಬನ್ನು ತಗ್ಗಿಸಿ ಹಾಕಿರುತ್ತಾರೆ, ಪೈಪೆಲ್ಲ ಆ ಗುಂಡಿಯಲ್ಲಿ ಮಲಗುತ್ತದೆ. ಇದು ಬೆಡ್‌ರೂಮ್. ಸ್ಲ್ಯಾಬ್ ಸಪಾಟು. ಪೈಪ್ ಮಲಗಬೇಕಾದರೆ ನೆಲವೇ ಮೇಲೆ ಏಳಬೇಕು.

ಅಂದರೆ ಮೆಟ್ಟಿಲು ಹತ್ತಲಾರದ ಅತ್ತೆಗೆ ಅಂತ ಬಾತ್‌ರೂಮ್ ಮಾಡಿ, ಅದರ ಬಾಗಿಲಲ್ಲೇ 10 ಇಂಚಿನ ಮೆಟ್ಟಿಲು ಇಡುವ ಪ್ಲ್ಯಾನು ನನ್ನದು!

ವಾಟ ಸ್ವಲ್ಪ ಕಡಿಮೆ ಮಾಡಿದರೆ ಆಗಲ್ವಾ ಅಂತ ಕೇಳಿದೆ. ಗಣಿತದವಳ ಬುದ್ಧಿ. ಪೂರ್ತಿ ಸಪಾಟಾದರೆ ನೀರು ನಿಧಾನವಾಗಿ ಹರಿಯುತ್ತದೆ. ಹೊತ್ತು ತರಬೇಕಾದ್ದನ್ನು ನಡುದಾರಿಯಲ್ಲೇ ಬಿಟ್ಟು ತಾನು ಮಾತ್ರ ಮುಂದೆ ಹೋಗುತ್ತದೆ. ಆಮೇಲೆ ಅದು ಒಣಗುತ್ತದೆ, ಅದರ ಮೇಲೆ ಇನ್ನೊಂದು ಕೂರುತ್ತದೆ. ಇನ್ನೂ ವಿವರ ಬೇಡ ಅಲ್ವಾ.

ಸರಿ, ಸ್ಲ್ಯಾಬ್ ಕೊರೆದು ಪೈಪನ್ನು ಕೆಳಗೆ ಇಳಿಸೋಣವೇ? ಕೆಳಗಿರುವುದು ಅಡುಗೆಮನೆ. ಒಲೆಯ ತಲೆಯ ಮೇಲೆ ಮಲದ ಪೈಪ್. ಅದನ್ನು ಯೋಚಿಸುವುದಕ್ಕೂ ಮನಸ್ಸಾಗಲಿಲ್ಲ. ಜೊತೆಗೆ ಅಲ್ಲೇ ಹತ್ತಿರದಲ್ಲಿ ತೊಲೆ ಇದೆ, ಕಬ್ಬಿಣ ಎಲ್ಲಿ ಹೋಗಿದೆಯೋ ನೋಡದೆ ಯಾರೂ ತೂತು ಹಾಕಬಾರದು ಅಂತ ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದರು.

ಎಂಜಿನಿಯರ್ ಬಂದದ್ದು ಹೇಗೆ ಅಂತ ಹೇಳಬೇಕು. ನಮ್ಮ ಮನೆ, ನಮ್ಮ ರೂಮು, ಒಳಗಡೆ ಏನು ಮಾಡಿಕೊಂಡರೆ ಯಾರಿಗೇನು ಅನ್ನುವವರಲ್ಲಿ ನಾನೂ ಒಬ್ಬಳು. ಹೊರಗಿನ ಗೋಡೆ ಮುಟ್ಟದಿದ್ದರೆ ಪ್ಲ್ಯಾನ್ ಅನುಮತಿ ಬೇಡ ಅಂತ ಎಲ್ಲೋ ಓದಿದ್ದೆ. ಅದು ಎಷ್ಟೋ ಕಡೆ ನಿಜವೂ ಹೌದು. ಆದರೆ ಅನುಮತಿ ಬೇರೆ, ಕಟ್ಟಡ ನಿಯಮ ಬೇರೆ. ಅನುಮತಿ ಕೇಳುವುದು ಮನೆ ಹೊರಗಿನಿಂದ ಹೇಗಿರುತ್ತದೆ, ಏನಕ್ಕೆ ಬಳಸುತ್ತೀರಿ ಅಂತ. ನಿಯಮ ಕೇಳುವುದು ಒಳಗಿರುವವರು ಸುರಕ್ಷಿತವಾಗಿ ಇರುತ್ತಾರಾ ಅಂತ. ಹೊಸದಾಗಿ ಚರಂಡಿ ಸಂಪರ್ಕ, ಒದ್ದೆ ಜಾಗದಲ್ಲಿ ಕರೆಂಟ್ ಕೆಲಸ, ಸ್ಲ್ಯಾಬಿನ ಮೇಲೆ ಹೊಸ ಹೊರೆ, ಈ ಮೂರೂ ನಮ್ಮ ಕೆಲಸದಲ್ಲಿ ಇತ್ತು. ಕಚೇರಿಯಲ್ಲಿ ಹೇಳಿದರು: ಅರ್ಜಿ ಕೊಡಿ, ಹೊರೆಯ ಲೆಕ್ಕವನ್ನು ಎಂಜಿನಿಯರ್ ಹತ್ತಿರ ಮಾಡಿಸಿ, ಕೆಲಸ ನಡೆಯುವಾಗ ನಾವು ಬಂದು ನೋಡುತ್ತೇವೆ.

ನನಗೆ ಆಗ ಕೋಪ ಬಂದಿತ್ತು. ಹೊರೆಯಂತೆ, ಲೆಕ್ಕವಂತೆ! ಒಂದು ಕಮೋಡ್ ಎಷ್ಟು ತೂಗೀತು?

ಆ ಲೆಕ್ಕ ಇಲ್ಲಿ ಬರೆಯಲೇಬೇಕು, ಯಾಕೆಂದರೆ ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೊಂದೇ. ಮನೆಯ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ ಸುಮಾರು 150ರಿಂದ 200 ಕಿಲೋ ಹೊರೆ ಬೀಳಬಹುದು ಅಂದುಕೊಂಡು ಲೆಕ್ಕ ಹಾಕಿರುತ್ತಾರೆ. ಮಂಚ, ಬೀರು, ಓಡಾಡುವ ಜನ, ಎಲ್ಲ ಅದರಲ್ಲೇ. ನೆಲವನ್ನು 250 ಮಿಲಿಮೀಟರ್ ಎತ್ತರಿಸಲು ಮೇಸ್ತ್ರಿ ಹೇಳಿದ್ದು ಇಟ್ಟಿಗೆ ಚೂರು ಮತ್ತು ಗಾರೆ ತುಂಬುವುದು. ಅದು ಘನ ಮೀಟರಿಗೆ 1,800 ಕಿಲೋ ಹತ್ತಿರ. ಕಾಲು ಮೀಟರ್ ತುಂಬಿದರೆ ಪ್ರತಿ ಚದರ ಮೀಟರಿಗೆ 450 ಕಿಲೋ. ಇಡೀ ರೂಮಿಗೆ ಗುಣಿಸಿದರೆ ಮೂರು ಟನ್‌ಗೆ ಹತ್ತಿರ. ಅದೂ ಇವತ್ತು ಇದ್ದು ನಾಳೆ ಎದ್ದು ಹೋಗುವ ಹೊರೆಯಲ್ಲ, ಹಗಲು ರಾತ್ರಿ ಅಲ್ಲೇ ಕೂತಿರುವುದು. ಕೆಳಗೆ ನಾನು ಒಲೆ ಮುಂದೆ ನಿಂತಿರುತ್ತೇನೆ.

ಎಂಜಿನಿಯರ್ ಇದನ್ನು ನನ್ನದೇ ಗ್ರಾಫ್ ಹಾಳೆಯ ಹಿಂದೆ ಬರೆದು ತೋರಿಸಿದರು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಹಾಗೆ, ಒಂದೊಂದೇ ಸಾಲು. ಬಾತ್‌ಟಬ್ಬಿಗೂ ಲೆಕ್ಕ ಹಾಕಿದರು. 180 ಲೀಟರ್ ನೀರೆಂದರೆ 180 ಕಿಲೋ, ಟಬ್ಬು, ಒಳಗೊಬ್ಬ ಮನುಷ್ಯ, ಎಲ್ಲ ಸೇರಿ ಮುನ್ನೂರರ ಹತ್ತಿರ, ಒಂದು ಚಾಪೆಯಷ್ಟು ಜಾಗದ ಮೇಲೆ. ಅದನ್ನು ನಾನೇ ರಬ್ಬರಿನಿಂದ ಅಳಿಸಿದೆ.

ದಾರಿ ತೋರಿಸಿದ್ದು ಪ್ಲಂಬರ್. ಕಮೋಡಿನಲ್ಲಿ ಎರಡು ಜಾತಿ. ಎಸ್ ಟ್ರ್ಯಾಪ್‌ನದು ನೆಲದೊಳಕ್ಕೆ ಬಿಡುತ್ತದೆ, ಪಿ ಟ್ರ್ಯಾಪ್‌ನದು ಹಿಂದಿನ ಗೋಡೆಗೆ ಬಿಡುತ್ತದೆ. ಕಮೋಡನ್ನು ಹೊರಗಿನ ಗೋಡೆಗೇ ಅಂಟಿಸಿ ಪಿ ಟ್ರ್ಯಾಪ್ ಇಟ್ಟರೆ ಪೈಪ್ ನೆಲಕ್ಕೆ ಇಳಿಯುವುದೇ ಇಲ್ಲ, ಗೋಡೆ ತೂರಿ ನೇರ ಹೊರಗೆ. ಹೊರಗೆ ಎಷ್ಟು ಬೇಕಾದರೂ ವಾಟ ಕೊಡಬಹುದು, ಅಲ್ಲಿ ಜಾಗಕ್ಕೇನು ಬರ. ಅಂದರೆ ನನ್ನ ಬೇಸಿನ್ನಿಗೆ ಇಟ್ಟುಕೊಂಡಿದ್ದ ಕಿಟಕಿ ಪಕ್ಕದ ಜಾಗ ಕಮೋಡಿಗೆ. ಬೆಳಕು ಅದಕ್ಕೇ ಬೀಳಲಿ ಬಿಡಿ. ಶವರ್ ಕೂಡ ಹೊರಗೋಡೆಯಿಂದ 80 ಸೆಂಟಿಮೀಟರಿಗೆ ಬಂತು. ಅದರ ಪೈಪು ಸಣ್ಣದು, ದೂರ ಕಡಿಮೆ, 20 ಮಿಲಿಮೀಟರ್ ವಾಟ ಸಾಕು. ನೆಲದ ನೀರು ಇಳಿದು ಹೋಗಲು ಗಿಡ್ಡ ನಹಾನಿ ಟ್ರ್ಯಾಪ್ ಹುಡುಕಿ ತಂದ. ನೆಲ ಎದ್ದದ್ದು 100 ಮಿಲಿಮೀಟರ್ ಮಾತ್ರ. ತುಂಬಿದ್ದು ಇಟ್ಟಿಗೆ ಚೂರಲ್ಲ, ನೊರೆ ಕಾಂಕ್ರೀಟು. ಅದು ಘನ ಮೀಟರಿಗೆ 600 ಕಿಲೋ, ಚದರ ಮೀಟರಿಗೆ 60 ಬಿತ್ತು. ಎಂಜಿನಿಯರ್ ಸಹಿ ಹಾಕಿದರು. ಬಾಗಿಲ ಮುಂದೆ ಮೆಟ್ಟಿಲಿನ ಬದಲು 1.2 ಮೀಟರ್ ಉದ್ದದ ಇಳಿಜಾರು, 12ಕ್ಕೆ 1ರ ಲೆಕ್ಕದಲ್ಲಿ. ಗಾಲಿಕುರ್ಚಿಗೂ ಒಪ್ಪುವ ಅಳತೆ ಅದು. ಅತ್ತೆಗೆ ಗಾಲಿಕುರ್ಚಿ ಬೇಕಾಗಿಲ್ಲ, ಬೇಕಾಗುವುದೂ ಬೇಡ.

ಟ್ರ್ಯಾಪ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಕಮೋಡಿನ ಬಾಗಿದ ಕೊರಳಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ, ಸಾಮಾನ್ಯವಾಗಿ 50 ಮಿಲಿಮೀಟರ್ ಆಳ. ಚರಂಡಿಯ ಗಾಳಿಗೂ ನಮಗೂ ನಡುವೆ ಇರುವ ಬಾಗಿಲು ಆ ನೀರು ಅಷ್ಟೇ. 1775ರಲ್ಲಿ ಈ ಬಾಗಿದ ಕೊರಳಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ವೃತ್ತಿಯಲ್ಲಿ ಗಡಿಯಾರ ಮಾಡುವವನು. ನನಗೆ ಈ ವಿಷಯ ಯಾಕೋ ತುಂಬಾ ಇಷ್ಟವಾಯಿತು, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಆ ನೀರನ್ನು ಪೈಪಿನೊಳಗಿನ ಎಳೆತ ಹೀರಿಕೊಂಡು ಹೋಗಬಾರದು ಅಂತಲೇ ಒಳಗೆ ಗಾಳಿ ಬಿಡುವ ವೆಂಟ್ ಪೈಪ್ ಬೇಕು. ನಮ್ಮ ಹೊಸ ಪೈಪನ್ನು ಸೂರಿನ ಮೇಲಿನವರೆಗೂ ಏರಿಸಿ ಬಾಯಿ ತೆರೆದು ಬಿಟ್ಟೆವು, ಕಿಟಕಿಗಳಿಂದ ಸಾಕಷ್ಟು ಮೇಲೆ.

ಈಗ ಅವಮಾನದ ಭಾಗ.

ಚರಂಡಿ ಪೈಪ್ ಮುಚ್ಚುವ ಮೊದಲು ಕರೆಯಿರಿ ಅಂತ ತಪಾಸಣೆಯವರು ಬರೆದೇ ಕೊಟ್ಟಿದ್ದರು. ಸೋಮವಾರ ಬರುತ್ತೇನೆ ಅಂದಿದ್ದರು. ಶನಿವಾರ ನಾನು ಸ್ಕೂಲಿನಲ್ಲಿದ್ದೆ. ಮೇಸ್ತ್ರಿಗೆ ಕಲಸಿದ ಮಾಲು ಉಳಿದಿತ್ತಂತೆ. ವೇಸ್ಟ್ ಮಾಡುವುದು ಯಾಕೆ ಅಂತ ಶವರ್ ಕಡೆಯ ಪೈಪನ್ನು ನೀಟಾಗಿ ಮುಚ್ಚಿ, ಕರಣೆಯಿಂದ ನುಣ್ಣಗೆ ಮಾಡಿ ಹೋಗಿದ್ದರು. ಸಂಜೆ ನೋಡಿ "ಆಹಾ, ಎಷ್ಟು ಚೆನ್ನಾಗಿ ಬಂದಿದೆ" ಅಂತ ನಾನೇ ಹೊಗಳಿದ್ದೆ. ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ತಪಾಸಣೆಯವರು ಬಂದು ಬಾಗಿಲಲ್ಲೇ ನಿಂತರು.

"ಪೈಪ್ ಎಲ್ಲಿ ಮೇಡಂ?"

"ಒಳಗಿದೆ ಸರ್. ವಾಟ ಸರಿಯಾಗಿದೆ, ರಸಮಟ್ಟ ಇಟ್ಟು ನೋಡಿದ್ದಾರೆ."

"ಇರಬಹುದು. ನಾನು ನೋಡಿಲ್ವಲ್ಲ."

ಫೋಟೋ ಇದೆಯಾ ಅಂತ ಕೇಳಿದರು. ಇರಲಿಲ್ಲ. ಅವರು ರೇಗಲಿಲ್ಲ, ಬೈಯಲಿಲ್ಲ. ತೆಗೆಸಿ, ಗುರುವಾರ ಬರ್ತೀನಿ ಅಂದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಉಳಿ ಸುತ್ತಿಗೆ ಹಿಡಿದು ಒಡೆದದ್ದಾಯಿತು. ಪೈಪ್ ಕಂಡಿತು. ರಸಮಟ್ಟ ಇಟ್ಟರೆ ವಾಟ ಸರಿಯಾಗಿಯೇ ಇತ್ತು, ಕೂದಲೆಳೆ ಆಚೀಚೆ ಇಲ್ಲ. ಆದರೆ ಒಡೆಯುವಾಗ ಉಳಿ ಜಾರಿ ಪೈಪಿನ ತಿರುವಿನ ಎಲ್ಬೋಗೆ ತಾಗಿ ಸೀಳು ಬಿಟ್ಟಿತ್ತು. ಸರಿಯಿದ್ದ ಪೈಪನ್ನು ಸರಿಯಿದೆ ಅಂತ ತೋರಿಸಲು ಹೋಗಿ ಕೆಡಿಸಿದೆವು! ಹೊಸ ಎಲ್ಬೋ ಹಾಕಿ, ತುದಿ ಮುಚ್ಚಿ, ನೀರು ತುಂಬಿಸಿ ಸೋರಿಕೆ ನೋಡಿ, ಗುರುವಾರಕ್ಕೆ ಕಾದೆವು. ತಪ್ಪು ಮೇಸ್ತ್ರಿಯದು ಅಂತ ನನ್ನ ಗಂಡ. ಬರೆದು ಕೊಟ್ಟ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಅವತ್ತಿನಿಂದ ನನಗೆ ಫೋಟೋದ ಹುಚ್ಚು ಹಿಡಿಯಿತು. ಮುಚ್ಚಿಹೋಗುವ ಪ್ರತಿಯೊಂದನ್ನೂ ಪಕ್ಕಕ್ಕೆ ಟೇಪ್ ಹಿಡಿದು ಫೋಟೋ ತೆಗೆದೆ. ಯಾವ ಪೈಪು ಬಾಗಿಲ ಚೌಕಟ್ಟಿನಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ವೈರ್ ಎಲ್ಲಿ ತಿರುಗುತ್ತದೆ. ಇದು ಆಮೇಲೆ ಉಪಯೋಗಕ್ಕೂ ಬಂತು. ಹಿಡಿದುಕೊಳ್ಳುವ ಸರಳಿಗೆ ಗೋಡೆ ಕೊರೆಯುವಾಗ ನೀರಿನ ಪೈಪ್ ಎಲ್ಲಿದೆ ಅಂತ ಫೋನ್ ನೋಡಿ ಹೇಳಿದೆ.

ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ನೋಡುವುದು. ಬಾಗಿಲಿಗೆ ಅಡ್ಡ ಕಟ್ಟೆ ಕಟ್ಟಿ, ಟ್ರ್ಯಾಪಿಗೆ ಬಿರಡೆ ಹಾಕಿ, 25 ಮಿಲಿಮೀಟರ್ ನೀರು ನಿಲ್ಲಿಸಿದೆವು. ಗೋಡೆಗೆ ಪೆನ್ಸಿಲ್ ಗೆರೆ. 24 ಗಂಟೆ. ನನ್ನ ಗಂಡ ಆ ರಾತ್ರಿ ಅಡುಗೆಮನೆಯ ಸೂರನ್ನು ಎಷ್ಟು ಸಲ ಟಾರ್ಚ್ ಬಿಟ್ಟು ನೋಡಿದರೋ. ಬೆಳಿಗ್ಗೆ ಗೆರೆಯಿಂದ ನೀರು ಒಂದೆರಡು ಮಿಲಿಮೀಟರ್ ಇಳಿದಿತ್ತು. ಅಷ್ಟು ಆವಿಯಾಗಿ ಹೋಗುತ್ತದೆ ಅಂತ ಪ್ಲಂಬರ್ ಅಂದ. ಕೆಳಗೆ ಸೂರು ಒಣಗಿದ್ದಷ್ಟೂ ಒಣಗಿತ್ತು.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ವಾದ ಮಾಡಲಿಲ್ಲ. ಬೆಡ್‌ರೂಮಿನಲ್ಲಿ ಮಂಚದ ಪಕ್ಕ ಸಾಕೆಟ್ ಇರುತ್ತದಲ್ಲ, ಅದು ಸರಿಯಾಗಿ ಶವರ್ ಬರುವ ಜಾಗದಲ್ಲೇ ಇತ್ತು. ವಿದ್ಯುತ್ ಕೆಲಸಕ್ಕೆ ಮಾನದಂಡ ಹಾಕುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ನಿಯಮದಲ್ಲಿ ಬಾತ್‌ರೂಮನ್ನು ವಲಯಗಳಾಗಿ ಹಂಚಿದ್ದಾರೆ. ತೊಟ್ಟಿಯಿಲ್ಲದ, ನೆಲಕ್ಕೇ ನೀರು ಬೀಳುವ ಶವರ್ ಆದರೆ ನೀರು ಬರುವ ಜಾಗದಿಂದ ಸುತ್ತ 1.2 ಮೀಟರ್, ಎತ್ತರ 2.25 ಮೀಟರ್‌ವರೆಗೆ ಒಂದನೇ ವಲಯ. ಎಲೆಕ್ಟ್ರಿಷಿಯನ್ ದಾರ ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಎಳೆದ. ಕಂಪಾಸ್ ಕೆಲಸ, ನನಗೆ ಖುಷಿಯಾಯಿತು. ವೃತ್ತದೊಳಗಿದ್ದ ಸಾಕೆಟ್ಟೂ ಹೋಯಿತು, ಹೊರಗಿದ್ದ ಇನ್ನೊಂದೂ ಹೋಯಿತು. ಲೈಟಿನ ಸ್ವಿಚ್ ಬಾಗಿಲ ಹೊರಗೆ ಬಂತು. ಇಡೀ ರೂಮಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕರೆಂಟ್ ಅಷ್ಟು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಒದ್ದೆ ಮೈಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಬರಿಗಾಲು ಬೇರೆ. ಇದರಲ್ಲಿ ಉಳಿತಾಯದ ಮಾತೇ ಬೇಡ.

ಬಿಸಿನೀರಿನಲ್ಲಿ ಒಂದು ಇಕ್ಕಟ್ಟು ಇದೆ, ನನಗೆ ಮೊದಲು ಗೊತ್ತಿರಲಿಲ್ಲ. ಗೀಸರಿನ ಟ್ಯಾಂಕಿನಲ್ಲಿ ನೀರು ಉಗುರುಬೆಚ್ಚಗೆ ನಿಂತರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, 20ರಿಂದ 45 ಡಿಗ್ರಿ ಅದಕ್ಕೆ ಹಿತ. ಅದಕ್ಕೇ 60 ಡಿಗ್ರಿಯಲ್ಲಿ ಇಡಿ ಅನ್ನುತ್ತಾರೆ. ಆದರೆ 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ವಯಸ್ಸಾದವರ ಚರ್ಮ ತೆಳ್ಳಗೆ, ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ನಿಧಾನ. ಟ್ಯಾಂಕಿನಲ್ಲಿ 60 ಇಟ್ಟು, ಶವರಿಗೆ ಬರುವ ಮೊದಲು ತಣ್ಣೀರು ಬೆರೆಸುವ ಥರ್ಮೊಸ್ಟ್ಯಾಟಿಕ್ ಮಿಕ್ಸರ್ ಹಾಕಿಸಿದೆವು. 41ಕ್ಕೆ ನಿಲ್ಲಿಸಿದ್ದೇವೆ. ಅತ್ತೆಗೆ ಅದು ಸಾಲದು, ನೀರು ಸುಡಬೇಕಂತೆ. ಇರಲಿ.

ಕಿಟಕಿ ಇದ್ದರೂ ಗಾಳಿ ಎಳೆಯುವ ಫ್ಯಾನ್ ಹಾಕಿಸಿದ್ದು ಛಳಿಗಾಲದಲ್ಲಿ ಕಿಟಕಿ ಯಾರೂ ತೆರೆಯುವುದಿಲ್ಲ ಅಂತ. ಎಷ್ಟು ಬಲದ ಫ್ಯಾನ್ ಅನ್ನುವುದು ಒಂದೊಂದು ಕಡೆ ಒಂದೊಂದು. ಇಂಗ್ಲೆಂಡಿನ ನಿಯಮದಲ್ಲಿ ಸೆಕೆಂಡಿಗೆ 15 ಲೀಟರ್ ಗಾಳಿ, ಅಮೆರಿಕದ ವಸತಿ ಕೋಡಿನಲ್ಲಿ ನಿಮಿಷಕ್ಕೆ 50 ಘನ ಅಡಿ, ಅಂದರೆ ಸೆಕೆಂಡಿಗೆ ಸುಮಾರು 24 ಲೀಟರ್. ಎಲ್ಲ ಕಡೆ ಒಂದೇ ಇರುವುದು ಏನೆಂದರೆ, ಆ ಗಾಳಿ ಮನೆಯ ಹೊರಗೆ ಹೋಗಬೇಕು. ಫಾಲ್ಸ್ ಸೀಲಿಂಗಿನ ಮೇಲಕ್ಕೆ ಬಿಟ್ಟರೆ ಹಬೆ ಅಲ್ಲೇ ನೀರಾಗಿ ಬೂಷ್ಟು ಕಟ್ಟುತ್ತದೆ. ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕಲ್ಲ? ಅದಕ್ಕೆ ಬಾಗಿಲ ಕೆಳಗೆ 10 ಮಿಲಿಮೀಟರ್ ಸಂದು ಬಿಟ್ಟೆವು. ಬಡಗಿ ಮಾತ್ರ ಅಳತೆ ತಪ್ಪಿದೆ ಅಂತ ಯಾರಾದರೂ ತನ್ನನ್ನು ಬೈಯುತ್ತಾರೆ ಅಂತ ಕೊನೆವರೆಗೂ ಗೊಣಗುತ್ತಿದ್ದ.

ಬಾಗಿಲು ಮೊದಲು ಒಳಕ್ಕೆ ತೆರೆಯುತ್ತಿತ್ತು. ಅದನ್ನು ಹೊರಕ್ಕೆ ತಿರುಗಿಸಿದ್ದು ಯಾವ ನಿಯಮಕ್ಕೂ ಅಲ್ಲ, ತಪಾಸಣೆಯವರು ಹೋಗುತ್ತಾ ಹೇಳಿದ ಒಂದು ಮಾತಿಗೆ. "ಅವರು ಒಳಗೆ ಬಾಗಿಲ ಹಿಂದೆ ಬಿದ್ದರೆ ನೀವು ಹೇಗೆ ತಳ್ತೀರಿ?" ಅಂದರು. ಎದೆ ಧಸಕ್ಕೆಂದಿತು. ಮಾರನೇ ದಿನವೇ ಕೀಲು ಬದಲಾಯಿಸಿದೆವು. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದದ್ದು.

ಕೊನೆಯ ತಪಾಸಣೆ ಇಪ್ಪತ್ತು ನಿಮಿಷ. ಫ್ಯಾನ್ ಹಾಕಿ ಅದರ ಜಾಲರಿಗೆ ಒಂದು ಟಿಶ್ಯೂ ಕಾಗದ ಹಿಡಿದರು, ಅಂಟಿಕೊಂಡಿತು. ಆರ್‌ಸಿಸಿಬಿಯ ಗುಂಡಿ ಒತ್ತಿದರು, ಕರೆಂಟ್ ಹೋಯಿತು. ಫ್ಲಶ್ ಮಾಡಿ ಶವರ್ ಟ್ರ್ಯಾಪಿನ ಮೇಲೆ ಕಿವಿ ಇಟ್ಟು ಗುಳುಗುಳು ಸದ್ದಿದೆಯಾ ಕೇಳಿದರು. ಎಲೆಕ್ಟ್ರಿಷಿಯನ್ ಕೊಟ್ಟ ಪರೀಕ್ಷೆಯ ಕಾಗದ, ಎಂಜಿನಿಯರ್ ಲೆಕ್ಕ, ನನ್ನ 64 ಫೋಟೋ, ಎಲ್ಲ ನೋಡಿದರು. ಒಂದು ಫೋಟೋದಲ್ಲಿ ನಿಂತರು.

"ಇದು ಯಾವ ಪೈಪು?"

ಪೈಪಲ್ಲ. ಗೋಡೆಯಲ್ಲಿ ಮಗನ ಎತ್ತರ ಗುರುತು ಹಾಕಿದ್ದ ಪೆನ್ಸಿಲ್ ಗೆರೆಗಳು, ಎರಡು ವರ್ಷದಿಂದ ಹದಿನಾರರವರೆಗೆ. ಟೈಲ್ಸ್ ಕೆಳಗೆ ಹೋಗುವ ಮೊದಲು ಅದಕ್ಕೂ ಟೇಪ್ ಹಿಡಿದು ತೆಗೆದಿದ್ದೆ. ಅವರು ಏನೂ ಹೇಳದೆ ಮುಂದಿನ ಫೋಟೋಗೆ ಹೋದರು. ನಕ್ಷೆಯಲ್ಲಿ ಮಲಗುವ ಕೋಣೆ ನಾಲ್ಕರಿಂದ ಮೂರಕ್ಕೆ ಇಳಿಸಿ ಸಹಿ ಹಾಕಿದರು. ಮುಂದೆ ಮನೆ ಮಾರುವಾಗ ಒಂದು ಬೆಡ್‌ರೂಮ್ ಕಡಿಮೆ ಅಂತ ಬೆಲೆ ಇಳಿಯುತ್ತೆ ಅಂತ ನನ್ನ ಗಂಡನ ಕೊರಗು. ಯಾರು ಮಾರುತ್ತಿದ್ದಾರೆ ಈಗ?

ಅತ್ತೆ ರಾತ್ರಿ ಹೋಗುವಾಗ ಸ್ವಿಚ್ಚಿನ ಸದ್ದು ಕೇಳುತ್ತದೆ, ಆಮೇಲೆ ಫ್ಯಾನಿನದು. ನಾನು ಏಳುವುದಿಲ್ಲ. ರಜೆಗೆ ಬಂದ ಮಗ ಮಾತ್ರ ಬ್ಯಾಗ್ ಹಿಡಿದುಕೊಂಡು ಇಳಿಜಾರಿನ ಮೇಲೆ ನಿಂತು ಒಳಗೆ ಇಣುಕಿ, "ಅಮ್ಮಾ, ನನ್ನ ಮಂಚ ಇದ್ದ ಜಾಗದಲ್ಲಿ ಏನು ಇಟ್ಟಿದ್ದೀರಾ ನೋಡಿ" ಅಂದ.